ಗಿಳಿಯ ಹಿಂದಿನ ಎಳೆ

ಸಾಬವ್ವನದು ಐವತ್ತು ವರ್ಷ ಕೌದಿ ಹೊಲಿದ ಕೈ. ಹಳೆ ಸೀರೆಗಳನ್ನು ಪದರಿನ ಮೇಲೆ ಪದರು ಇಟ್ಟು ಹೊಲಿಯುವಾಗ ಅವಳು ನಡುವೆ ದಾರ ಕಡಿಯುತ್ತಿರಲಿಲ್ಲ. ಕಡಿದರೆ ಹೊದ್ದವರಿಗೆ ಒಳ್ಳೆಯದಲ್ಲ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳಂತೆ. ಯೆರವಡಾದ ಚಾಳಿನ ಸಾಲುಮನೆಗಳಲ್ಲಿ ನನ್ನ ಪಕ್ಕದ ಖೋಲಿ ಅವಳದು.

ಅವಳ ಮಗಳು ಜೈಲಿನಲ್ಲಿದ್ದಾಳೆ. ಎರಡು ವರ್ಷದ ಮೊಮ್ಮಗಳು ಸಪ್ನಾಳೂ ತಾಯಿಯ ಜೊತೆ ಒಳಗೆ ಹೋದಳು. ಸಾಬವ್ವ ನಾಚಿಕೆಪಟ್ಟು ನಾಲ್ಕು ವರ್ಷ ಅತ್ತ ಕಾಲಿಡಲಿಲ್ಲ. ಆರು ತುಂಬುವ ಮಗು ಇನ್ನು ಒಳಗಿರುವಂತಿಲ್ಲ, ಬಂದು ಕರೆದುಕೊಂಡು ಹೋಗಿ ಎಂದು ಕಾಗದ ಬಂದಾಗ, ಸ್ವೆಟರ್ ಹೆಣೆಯುವ ನನ್ನ ಬಾಗಿಲಿಗೆ ಬಂದಳು.

"ಕಮಲಮ್ಮಾರ, ಹುಡುಗಿಗೆ ಗಿಳಿ ಅಂದ್ರ ಭಾಳ ಸೇರತದಂತ್ರಿ. ನನ್ನ ಗುರುತರೆ ಎಲ್ಲಿಂದ ಇರಬೇಕು ಅದಕ್ಕ? ಗಿಳಿ ಸ್ವೆಟರ್ ನೋಡಿ ನನ್ನ ಕೂಡ ಬಂದೀತು. ಹೆಣಿಯೂದು ಕಲಸ್ರಿ."

"ಇನ್ನ ಹತ್ತೊಂಬತ್ತು ದಿನದಾಗ ಕರಕೊಂಡು ಬರಬೇಕಲ್ರಿ, ಅಷ್ಟರಾಗ?"

"ಸೂಜಿ ಹಿಡದು ಐವತ್ತು ವರ್ಷ ಆತು. ಎರಡು ಕಡ್ಡಿಗೆ ಹೆದರಲೇನ್ರಿ?"

ಹಳದಿ ನೆಲ, ಹಸಿರು ಗಿಳಿ. ಉಣ್ಣೆಯ ಮೂರು ಉಂಡೆ ಬೇಕು ಎಂದೆ: ಗಿಳಿಯ ಎಡಕ್ಕೊಂದು ಹಳದಿ, ನಡುವೆ ಹಸಿರು, ಬಲಕ್ಕೆ ಇನ್ನೊಂದು ಹಳದಿ. ಬಣ್ಣ ಬದಲಾಗುವಲ್ಲಿ ಹಳೆಯ ಎಳೆಯ ಕೆಳಗಿನಿಂದ ಹೊಸ ಎಳೆ ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಅಲ್ಲಿ ತೂತು ಬೀಳುತ್ತದೆ. ಆಮೇಲೆ ಹಳೆಯ ಎಳೆಯನ್ನು ಅಲ್ಲೇ ಬಿಡಬೇಕು. ಮುಂದಿನ ಸಾಲಿಗೆ ತಿರುಗಿ ಬಂದಾಗ ಅದು ಅಲ್ಲೇ ಸಿಗುತ್ತದೆ.

ಎತ್ತಿಕೊಳ್ಳುವುದು ಅವಳಿಗೆ ಒಂದೇ ದಿನದಲ್ಲಿ ಬಂತು. ಬಿಡುವುದು ಬರಲಿಲ್ಲ. ನಾನು ಒಂದು ವಾರ ಜ್ವರ ಬಂದು ಮಲಗಿದ್ದೆ. ಎದ್ದು ನೋಡಿದರೆ, ಒಂದೇ ಹಳದಿ ಉಂಡೆಯಲ್ಲಿ ಗಿಳಿಯ ಹಿಂದಿನಿಂದ ಎಳೆ ಜಗ್ಗಿಕೊಂಡು ಹೆಣೆದಿದ್ದಳು, ಕೌದಿಯ ದಾರದ ಹಾಗೆ ಬಿಗಿಯಾಗಿ. ಅಳೆದೆ. ಎದೆಯ ಅಗಲ ಹನ್ನೆರಡು ಇಂಚು ಬರಬೇಕಾದದ್ದು ಒಂಬತ್ತೂವರೆ ಇತ್ತು.

"ಬಿಚ್ಚಬೇಕಾಗ್ತದ, ಸಾಬವ್ವ."

"ನಾಕು ದಿನ ಉಳದಾವ್ರಿ. ಬಿಚ್ಚಿದ್ರ ಬರಿಗೈಲೆ ಹೋಗಬೇಕು."

ಅವಳ ಮುಖ ನೋಡಲಾಗಲಿಲ್ಲ. "ಹೋಗ್ಲಿ, ನೀರಾಗ ಅದ್ದಿ ಜಗ್ಗಿ ಒಣಗಸ್ರಿ, ಹಿಗ್ಗತದ" ಎಂದೆ. ಹಿಂದೆ ಅಡ್ಡ ಬಿದ್ದ ಎಳೆ ಹಿಗ್ಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕರೆತರುವ ದಿನ ಜೈಲಿಗೆ ನಾನೂ ಹೋದೆ. ಸಪ್ನಾ ಗಿಳಿಯನ್ನು ನೋಡಿ ನಕ್ಕಳು. ತಾನಾಗಿಯೇ ಎರಡೂ ಕೈ ಎತ್ತಿದಳು. ಸಾಬವ್ವ ಸ್ವೆಟರನ್ನು ತಲೆಯ ಮೇಲಿನಿಂದ ಇಳಿಸಿದಳು. ಗಿಳಿಯ ಹತ್ತಿರ ಅದು ಸಿಕ್ಕಿಬಿತ್ತು. ಮುಖ ಒಳಗೆ, ಕೈ ಮೇಲೆ. ಕೆಳಗೂ ಇಳಿಯದು, ಮೇಲೂ ಬಾರದು. "ಅವ್ವಾ! ಅವ್ವಾ!" ಎಂದು ಮಗು ಒಳಗಿಂದ ಕಿರುಚತೊಡಗಿತು. ಕಿತ್ತು ತೆಗೆದ ಮೇಲೆ ಓಡಿಹೋಗಿ, ಅದನ್ನು ಹೊರಗೆ ಕರೆತಂದಿದ್ದ ಅಧಿಕಾರಿ ಹೆಂಗಸಿನ ಸೀರೆ ಹಿಡಿದುಕೊಂಡಿತು. ಒಂದು ತಾಸು ಕಾದೆವು. ಅಜ್ಜಿಯ ಹತ್ತಿರ ಬರಲಿಲ್ಲ. ಸದ್ಯಕ್ಕೆ ಬಾಲಗೃಹದಲ್ಲಿರಲಿ, ರೂಢಿಯಾದ ಮೇಲೆ ನೋಡೋಣ ಎಂದರು ಆ ಅಧಿಕಾರಿ.

ರಿಕ್ಷಾದಲ್ಲಿ ನಾನು ಹೇಳಿಬಿಟ್ಟೆ: "ಅದು ಹಿಗ್ಗಂಗಿಲ್ಲಂತ ನನಗ ಗೊತ್ತಿತ್ರಿ."

"ಗೊತ್ತಿತ್ತು?"

"ಹೂಂ."

ಚಾಳಿನ ಮುಂದೆ ಇಳಿದವಳೇ ಅವಳು ತನ್ನ ಖೋಲಿಯ ಬಾಗಿಲು ಹಾಕಿಕೊಂಡಳು. ಈಗ ತಿಂಗಳಿಗೊಮ್ಮೆ ಬಾಲಗೃಹಕ್ಕೆ ಹೋಗಿಬರುತ್ತಾಳೆ. ಮಗು ಹೊಸ್ತಿಲ ತನಕ ಬಂದು ನಿಲ್ಲುತ್ತದಂತೆ, ದಾಟುವುದಿಲ್ಲವಂತೆ. ಇದನ್ನೂ ನನಗೆ ಬೇರೆಯವರು ಹೇಳಿದ್ದು.