ಹರನಾಳಿಗೆ ತೊಳೆಯುವ ದಾವಲಸಾಬರು

ಬೆಳಿಗ್ಗೆಯಿಂದ ಅಂಗಳದ ತುಂಬ ಕೊಳೆತ ಎಲೆಯ ವಾಸನೆ. ಕೇಶ್ವಾಪುರದ ನಮ್ಮ ಮನೆಯ ಹರನಾಳಿಗೆ ತೊಳೆಯಲು ಒಬ್ಬ ಏಣಿ ಹಾಕಿ ಹತ್ತಿದ್ದಾನೆ. ಒಂದು ತಾಸು ತಡವಾಗಿ ಬಂದನೆಂದು ಅವನನ್ನು ಚೆನ್ನಾಗಿಯೇ ಬೈದೆ. ಈ ವಯಸ್ಸಿನಲ್ಲಿ ನನಗೆ ಉಳಿದಿರುವ ಪರಾಕ್ರಮ ಅಷ್ಟೇ. ಮೂಗಿಗೆ ಸೆರಗು ಹಿಡಿದು ಒಳಗೆ ಕೂತರೆ ಆ ವಾಸನೆ ನನ್ನನ್ನು ನೇರ ನಾನು ಸೊಸೆಯಾಗಿ ಸೇರಿದ ಮಾಳಮಡ್ಡಿಯ ಮನೆಗೆ ಎಳೆದೊಯ್ದಿತು.

ಹರನಾಳಿಗೆ ನಿಮಗೆ ಗೊತ್ತಲ್ಲ, ಹೆಂಚಿನ ಅಂಚಿಗೆ ಬಿಗಿದ ತಗಡಿನ ಕಾಲುವೆ. ಮಾಡಿನ ನೀರು ಅದರಲ್ಲಿ ಹರಿದು ಮೂಲೆಯ ಕೊಳವೆಯಿಂದ ಕೆಳಗಿಳಿಯಬೇಕು. ಮಾಳಮಡ್ಡಿಯ ಮನೆಯಲ್ಲಿ ಅದು ಕಟ್ಟಿಕೊಂಡರೆ ಗತಿಯಿರಲಿಲ್ಲ. ಅದರ ಕೆಳಗೇ ನಮ್ಮ ಹಗೇವು, ಅಂದರೆ ನೆಲದೊಳಗೆ ತೋಡಿದ ಕಣಜ. ಸುಳ್ಳ ಎಂಬ ಊರಿನ ನಮ್ಮ ಹೊಲದ ಜೋಳ, ಒಂಬತ್ತು ಮಂದಿಯ ಇಡೀ ವರ್ಷದ ರೊಟ್ಟಿ, ಅದರಲ್ಲಿರುತ್ತಿತ್ತು.

ಮಳೆಗೆ ಮುಂಚೆ ಪ್ರತಿವರ್ಷ ದಾವಲಸಾಬರು ಬರುತ್ತಿದ್ದರು. ಹೆಂಚು ಕೈಯಾಡಿಸಿ ಸರಿಪಡಿಸುವುದು, ಹರನಾಳಿಗೆ ತೊಳೆಯುವುದು ಅವರ ಕಸುಬು. ಕಸವನ್ನು ಕೊಳವೆಯ ಕಡೆ ತಳ್ಳದೆ ಕೈಯಿಂದಲೇ ಎತ್ತಿ ಬುಟ್ಟಿಗೆ ಹಾಕುವರು. ಕೊನೆಗೊಂದು ಕೊಡ ನೀರು ಸುರಿದು, ಅದು ಕೆಳಗೆ ತಿಳಿಯಾಗಿ ಬೀಳುವ ತನಕ ಏಣಿ ತೆಗೆಯುತ್ತಿರಲಿಲ್ಲ. ನಮ್ಮ ಮಾವನವರು ಒಮ್ಮೆ ತಾವೇ ಹತ್ತಿ, ಇಳಿಯಲಾರದೆ ಮಧ್ಯಾಹ್ನದ ತನಕ ಮಾಡಿನ ಮೇಲೆ ಕೂತಿದ್ದರಂತೆ. ಆಮೇಲೆ ಆ ಸಾಹಸ ಮಾಡಲಿಲ್ಲ.

ನಾನು ಸೊಸೆಯಾಗಿ ಬಂದ ಮೊದಲ ವರ್ಷ. ದಾವಲಸಾಬರು ಬಂದ ದಿನ ಹಿರಿಯರೆಲ್ಲ ಮದುವೆಗೆ ಹೋಗಿದ್ದರು. ಕೊಳವೆಯ ಬಾಯಲ್ಲೇ ಗುಬ್ಬಿಯ ಗೂಡು, ಅದರಲ್ಲಿ ಮೂರು ತತ್ತಿ.

"ಗೂಡು ತಗೀಬ್ಯಾಡ್ರಿ. ಮರಿ ಹಾರಿಹೋಗ್ಲಿ," ಎಂದೆ.

"ಮಳಿ ಬಂದರ ನೀರು ಹಗೇವಿನ ಮ್ಯಾಲ ಬೀಳತೈತ್ರಿ, ಸಣ್ಣ ಅವ್ವಾರ."

"ಮಳಿ ಇನ್ನೂ ದೂರ ಐತ್ರಿ," ಎಂದೆ, ಮೋಡವೆಲ್ಲ ನನ್ನ ತವರಿನವೇ ಎಂಬಂತೆ.

ನಾಲ್ಕನೆಯ ದಿನ ಸಂಜೆ, ಮುಂಗಾರಿಗೆ ಮೊದಲೇ ಅಡ್ಡಮಳೆ ಹೊಡೆಯಿತು. ಗೂಡೂ ಉಳಿಯಲಿಲ್ಲ, ಹಗೇವಿನ ಜೋಳವೂ ನೆನೆಯಿತು. ಮರುದಿನ ಹಗೇವು ತೆಗೆದಾಗ ಬಂದ ಹಸಿ ವಾಸನೆಗೆ ಅತ್ತೆ ಅಲ್ಲೇ ಕುಸಿದು ಕೂತರು. ಮಾವನವರು ದಾವಲಸಾಬರನ್ನು ಕರೆಸಿದರು.

"ಕೊಳವ್ಯಾಗಿನ ಗೂಡು ಯಾಕ ತಗೀಲಿಲ್ಲೋ?"

"ಮರತೆ ಅನಸ್ತೈತ್ರಿ, ಧಣ್ಯಾರ."

"ಹಂಗಾರ ಇನ್ನ ನಮ್ಮ ಮನಿ ಕೆಲಸಕ್ಕ ಬರಬ್ಯಾಡ."

"ಆಗ್ಲಿರಿ," ಎಂದು ಅವರು ಹೆಗಲ ಮೇಲೆ ವಲ್ಲಿ ಹಾಕಿಕೊಂಡರು.

ನಾನು ಬಾಗಿಲ ಹಿಂದೆ ನಿಂತು ಎಲ್ಲ ಕೇಳುತ್ತಿದ್ದೆ. ಆ ಕಾಲದಲ್ಲಿ ಸೊಸೆ ಮಾವನೆದುರು ಮಾತಾಡುವಂತಿರಲಿಲ್ಲ. ಬಂದು ಮೂರು ತಿಂಗಳಾದರೂ ಅವರು ನನ್ನ ದನಿ ಕೇಳಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುಮ್ಮನಿರಬೇಕೆಂದೂ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ. ಆದರೆ ದಾವಲಸಾಬರು ಗೇಟಿನ ತನಕ ಹೋದದ್ದು ಕಂಡು ತಡೆಯಲಾಗಲಿಲ್ಲ.

"ಮಾವಾರ, ಅವರದೇನೂ ತಪ್ಪಿಲ್ಲರಿ. ತಗೀಬ್ಯಾಡ್ರಿ ಅಂದಾಕಿ ನಾನ."

ಮಾವನವರು ಗೇಟಿನ ಕಡೆ ತಿರುಗಿದರು. "ದಾವಲಸಾಬ, ಹೊಳ್ಳಿ ಬಾ. ಚಹಾ ಕುಡದು ಹೋಗು," ಎಂದರಷ್ಟೇ. ಆ ವರ್ಷವಿಡೀ ಒಣಗಿಸಿ ಉಳಿಸಿದ ಮುಗ್ಗಲು ಜೋಳದ ರೊಟ್ಟಿ ತಿಂದೆವು. ಅತ್ತೆ ಒಂದು ದಿನವೂ ಆಡಿ ತೋರಿಸಲಿಲ್ಲ.

ಮುಂದಿನ ವರ್ಷ ದಾವಲಸಾಬರು ಗುಬ್ಬಿ ಗೂಡು ಕಟ್ಟುವ ಮೊದಲೇ, ಯುಗಾದಿ ಮುಗಿದ ಕೂಡಲೇ ಬಂದರು. ಜಂತಿಗೊಂದು ಒಡಕು ಗಡಿಗೆ ಕಟ್ಟಿ, "ಅವು ಇಲ್ಲಿರಲಿ," ಎಂದರು. ಆಗ ಕೇಳಿದೆ, ಅಂದು ತಪ್ಪನ್ನು ತಮ್ಮ ಮೇಲೇಕೆ ಹಾಕಿಕೊಂಡಿರಿ ಎಂದು.

ಅವರು ಏಣಿಯ ಮೇಲಿಂದಲೇ ನಕ್ಕರು. "ನನಗ ಹತ್ತು ಮನಿ ಅದಾವ್ರಿ, ಸಣ್ಣ ಅವ್ವಾರ. ನಿಮಗ ಇದೊಂದ."

ಹೊರಗೆ ಕೊಳವೆಯಿಂದ ನೀರು ಬೀಳುವ ಸದ್ದಾಗುತ್ತಿದೆ. ಬೆಳಿಗ್ಗೆ ಬೈಯುವ ಭರದಲ್ಲಿ ಆ ಏಣಿಯವನ ಹೆಸರನ್ನೂ ಕೇಳಿರಲಿಲ್ಲ. ಎದ್ದು ಹೋಗಿ ಕೇಳಿ ಬರುತ್ತೇನೆ.