ಆರು ಕೊಂಬಿನ ರೂಟರ್

ನಾನು ಬಂಡಳ್ಳಿಯಲ್ಲಿ ದನದ ವ್ಯಾಪಾರ ಮಾಡುವವನು. ಓದಿದ್ದು ಏಳನೇ ಕ್ಲಾಸು. ಎತ್ತು ಕೊಳ್ಳುವಾಗ ನನ್ನನ್ನು ಏಮಾರಿಸಿದವರಿಲ್ಲ. ಅಕ್ಕನಿಗೊಂದು ರೂಟರ್ ತರಲು ಹೋಗಿ ನನ್ನನ್ನು ನಾನೇ ಏಮಾರಿಸಿಕೊಂಡೆ. ಅಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ, ಅಕ್ಕನಿಗೆ ಸುಳ್ಳನ್ನೂ ಹೇಳಿದೆ.

ಅಕ್ಕ ಹನೂರಿನಲ್ಲಿ ಮಹಡಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು, ಆರು ಹುಡುಗಿಯರನ್ನು ಕೂರಿಸಿ, ಮೈಸೂರಿನ ಕಂಪನಿಯೊಂದಕ್ಕೆ ಆಸ್ಪತ್ರೆ ಕಾಗದಗಳನ್ನು ಟೈಪ್ ಮಾಡಿಸಿಕೊಡುತ್ತಾಳೆ. ಆಗಿನ್ನೂ ಕಂಪನಿಯವರು ಅವಳ ಕೆಲಸ ಪರೀಕ್ಷಿಸುತ್ತಿದ್ದ ಮೊದಲ ತಿಂಗಳು. ಸರಿಹೋದರೆ ಕೆಲಸ ಕಾಯಂ, ಇಲ್ಲದಿದ್ದರೆ ಕೋಣೆಗೆ ಬೀಗ. ರೋಗಿಗಳ ಕಾಗದವಾದ್ದರಿಂದ ಎಲ್ಲವೂ ವಿಪಿಎನ್ ಎಂಬ ಗುಟ್ಟಿನ ದಾರಿಯಲ್ಲೇ ಹೋಗಿ ಬರಬೇಕು.

"ಒಂದೊಂದು ಕಾಗ್ದಕ್ಕೂ ಬೀಗ ಆಕಿ ತಗೀಬೇಕು ಕಣ್ಲಾ. ಆ ಕೆಲ್ಸ ರೂಟರ್‌ದೇ. ಡಬ್ಬದ ಮೇಲೆ ದೊಡ್ಡದಾಗಿ ಬರ್ದಿರೋ ಸ್ಪೀಡ್ ನಂಬ್‌ಬ್ಯಾಡ. ವಿಪಿಎನ್ ಆಕ್ದಾಗ ಎಷ್ಟು ಬತ್ತದೆ ಅಂತ ಕೇಳು," ಎಂದು ಫೋನಿನಲ್ಲಿ ಹೇಳಿದ್ದಳು.

ಕೊಳ್ಳೇಗಾಲದ ಅಂಗಡಿಯಲ್ಲಿ ಹಾಗೇ ಕೇಳಿದೆ. ಅಂಗಡಿಯವನು ಕರಿ ತಗಡಿನ ಚಪ್ಪಟೆ ಪೆಟ್ಟಿಗೆಯೊಂದನ್ನು ಮುಂದಿಟ್ಟ. ನೋಡಲು ಬೋಳು ಬೋಳು. ಪಕ್ಕದಲ್ಲಿ ಬೆಳ್ಳನೆಯದೊಂದು ಆರು ಕೊಂಬು ಎತ್ತಿಕೊಂಡು ನಿಂತಿತ್ತು.

"ಅದು ಮನೇಲಿ ಫೋನ್ ನೋಡೋರ್ಗೆ ಸಾ. ನಿಮ್ ಕೆಲ್ಸಕ್ಕೆ ಇದೇ," ಎಂದ.

ಎಷ್ಟೋ ದಳ್ಳಾಳಿಗಳನ್ನು ಕಂಡ ನಾನು, ಮಾರಾಟವಾಗದ್ದನ್ನು ನನಗೆ ದಾಟಿಸುತ್ತಿದ್ದಾನೆ ಅಂದುಕೊಂಡೆ. ಬೆಳ್ಳನೆಯದನ್ನೇ ತಂದು, "ನೀ ಕೇಳಿದ್ದು ಅಲ್ಲಿ ಇರ್ನಿಲ್ಲ ಕಣಕ್ಕ," ಎಂದೆ.

ಅಕ್ಕನ ಕೋಣೆಯಲ್ಲಿ ಅದನ್ನು ಜೋಡಿಸಿದ ದಿನ ನನ್ನ ಫೋನಿನಲ್ಲಿ ಕುಸ್ತಿ ವಿಡಿಯೊ ಸಲೀಸಾಗಿ ಓಡಿತು. ಮೀಸೆ ತಿರುವಿದೆ. ಮಾರನೆಯ ಬೆಳಿಗ್ಗೆ ಆರೂ ಹುಡುಗಿಯರು ವಿಪಿಎನ್ ಹಾಕಿ ಕೂತರು. ರೂಟರ್ ರೊಟ್ಟಿ ಹಂಚಿನಂತೆ ಕಾದಿತು, ಕಾಗದಗಳು ಅರ್ಧಕ್ಕೇ ನಿಂತವು.

ಸಂಜೆ ನಾನು ಹೋದಾಗ ಅಕ್ಕ ಕಂಪನಿಯವರೊಡನೆ ಫೋನಿನಲ್ಲಿದ್ದಳು. "ತಪ್ಪು ನಂದೇ ಸಾರ್. ಎಂಥದ್ದು ಬೇಕು ಅನ್ನೋ ಲೆಕ್ಕದಲ್ಲಿ ಎಡವಿದೆ. ಇನ್ನೊಂದು ಅವಕಾಶ ಕೊಡಿ," ಅನ್ನುತ್ತಿದ್ದಳು.

ಅವಳು ಫೋನ್ ಇಟ್ಟ ಕೂಡಲೇ ನಿಜ ಹೇಳಿಬಿಟ್ಟೆ. ಅಕ್ಕ ನನ್ನನ್ನೇ ನೋಡಿದಳು.

"ಎತ್ತು ತಕಳೋವಾಗ ಏನ್ ಮಾಡೀಯಲಾ?"

"ತುಂಬಿದ್ ಗಾಡಿ ಕಟ್ಟಿ ದಿಬ್ಬ ಏರುಸ್ತೀನಿ."

"ಇದ್ಕೆ?"

"ಬರೀ ಗಾಡಿ ಕಟ್ದೆ."

"ಕೊಂಬು ನೋಡಿ ತಂದವ್ನೆ ನನ್ ತಮ್ಮ! ತಕಂಡೋಗಿ ಕೊಟ್ಟಿಗೇಲಿ ಕಟ್ಟಾಕು. ಬೂಸಾ ಮರೀಬ್ಯಾಡ."

ಹುಡುಗಿಯರು ಬಾಯಿಗೆ ದುಪಟ್ಟ ಒತ್ತಿಕೊಂಡು ನಕ್ಕರು. ಅಕ್ಕ ನಗಲಿಲ್ಲ. ಮತ್ತೆ ಅದೇ ನಂಬರಿಗೆ ಫೋನ್ ಮಾಡಿ ನನ್ನ ಕೈಗಿತ್ತಳು. "ಅವರ್ಗೂ ನೀನೇ ಒಪ್ಪುಸು."

"ಸಾ, ಅಕ್ಕನ ಲೆಕ್ಕ ಸರಿಯಾಗೇ ಇತ್ತು. ಭಾರ ಎಳ್ಯೋದು ತಾ ಅಂದಿದ್ಲು. ನಾನೇ ಕೊಂಬಿರೋದು ತಂದು ಸುಳ್ ಹೇಳ್ದೆ ಸಾ."

ಆ ಕಡೆಯಿಂದ "ಕೊಂಬಾ?" ಎಂಬ ದನಿ, ಹಿಂದೆಯೇ ನಗು. "ನಾಳೆ ಮಧ್ಯಾಹ್ನದೊಳಗೆ ಸರಿಯಾದ್ದು ಹಾಕ್ಸಿ. ಕೆಲಸ ನಡೆದ್ರೆ ನಿಮ್ಮಕ್ಕನ್ನ ನಾವು ಕೈಬಿಡಲ್ಲ."

ಬೆಳಿಗ್ಗೆ ಮೊದಲ ಬಸ್ಸಿಗೆ ಕೊಳ್ಳೇಗಾಲಕ್ಕೆ ಹೋದೆ. "ವಿಪಿಎನ್ ಆಕಿ ತೋರ್ಸಪ್ಪ," ಎಂದು ಅಂಗಡಿಯವನ ಮುಂದೆ ನಿಂತೆ. ಅವನು ತನ್ನ ಕಂಪ್ಯೂಟರುಗಳನ್ನೆಲ್ಲ ಒಟ್ಟಿಗೆ ಓಡಿಸಿದ. ಬೋಳು ಪೆಟ್ಟಿಗೆಯ ಬೆನ್ನು ಸವರಿ ನೋಡಿದೆ. ತಣ್ಣಗಿತ್ತು.

ಮಧ್ಯಾಹ್ನಕ್ಕೆ ಕಾಗದಗಳು ಓಡಾಡಿದವು. ತಿಂಗಳ ಕೊನೆಗೆ ಕೆಲಸವೂ ಕಾಯಂ ಆಯಿತು. ಬೆಳ್ಳನೆಯದು ನಮ್ಮ ಮನೆಯಲ್ಲಿದೆ. ಅಕ್ಕ ಬಂದಾಗಲೆಲ್ಲ ಮೊದಲು ಅದರ ಯೋಗಕ್ಷೇಮ ವಿಚಾರಿಸುತ್ತಾಳೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆದರೆ "ತಪ್ಪು ನಂದೇ ಸಾರ್" ಎಂದ ಅವಳ ಆ ದನಿ ನನಗಿನ್ನೂ ಕೇಳಿಸುತ್ತದೆ.