ಪರದೆಯ ಮೇಲೆ ನಮ್ಮೂರು

ಮಾಸ್ತಿಕಟ್ಟೆಯ ವಿದ್ಯುತ್ ಯೋಜನೆಯ ಕಾಲೊನಿಯಲ್ಲಿ ಇಂಜಿನಿಯರ್ ಮನೆಗೆ ಹೊಲಿದ ರವಿಕೆ ಕೊಡಲು ಹೋಗಿದ್ದೆ. ಸೊಂಟದ ಮೇಲೆ ಮಗಳಿದ್ದಳು. ಸಾಹೇಬರು ಹೊಸ ಕಂಪ್ಯೂಟರಿನಲ್ಲಿ ಏನೋ ಆಟ ಆಡುತ್ತಿದ್ದರು. ಪರದೆಯ ತುಂಬ ನೀಲಿ ಚೌಕಗಳು. ಅವರು ಒತ್ತಿದ್ದು ಹಸಿರಾಗುತ್ತಿತ್ತು.

"ಸಮುದ್ರಕ್ಕೆ ಮಣ್ಣು ತುಂಬಿ ನೆಲ ಮಾಡೋದಮ್ಮ," ಎಂದರು.

"ನಮ್ಮೂರಲ್ಲಿ ಉಲ್ಟಾ ಮಾಡಿದ್ರಲ್ಲ ಸಾರ್?"

ಅವರ ಹೆಂಡತಿ ಮೆಲ್ಲಗೆ, "ಇವ್ರು ಮುಳುಗಡೆಯವ್ರು ಕಣ್ರೀ," ಎಂದರು. ಅಣೆಕಟ್ಟಿನ ನೀರಿಗೆ ಊರು ಹೋದ ಮೇಲೆ ನಮಗೆಲ್ಲ ಅದೇ ಹೆಸರು. ಕೇಳಿದರೆ ನನಗೆ ಮೈ ಉರಿಯುತ್ತದೆ.

"ಮುಳುಗಿದ್ದು ಊರಮ್ಮಾ, ನಾನಲ್ಲ. ಏಳಿ ಸಾರ್, ನಾನೂ ಒಂದೂರು ಮಾಡ್ತೀನಿ."

ಪಾಪ, ಎದ್ದರು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಡುನೀರಿನ ಒಂದು ಚೌಕ ಆರಿಸಿ ಒತ್ತಿದೆ. ಕಂಪ್ಯೂಟರ್ ಕುಂಯ್ ಎಂದಿತು.

"ಅಲ್ಲಾಗಲ್ಲ. ಪಕ್ಕದಲ್ಲಿ ನೆಲ ಇದ್ರೆ ಮಾತ್ರ. ಅದು ರೂಲ್ಸು."

"ಮುಳುಗಿಸುವಾಗ ಪಕ್ಕದಲ್ಲಿ ಏನಿದೆ ಅಂತ ಯಾವ ರೂಲ್ಸು ನೋಡ್ತು?"

ದಡದಿಂದಲೇ ಶುರು ಮಾಡಿದೆ. ಗದ್ದೆಗೊಂದು ಚೌಕ, ಶಾಲೆಗೊಂದು, ನಮ್ಮ ಅಂಗಳಕ್ಕೊಂದು. ಹೊಳೆಗೆ ಮಾತ್ರ ಒಂದು ಸಾಲು ನೀಲಿ ಬಿಟ್ಟೆ. ಅದು ಮೊದಲೂ ನಮ್ಮದೇ ಆಗಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು.

"ಅಯ್ಯೋ, ಎಲ್ಲಾ ಅಳಿಸಿಹೋಯ್ತು. ಇನ್ನೊಂದಿನ ಬನ್ನಿ," ಎಂದರು ಸಾಹೇಬರು.

ನಾನು ಏಳಲಿಲ್ಲ. "ಕರೆಂಟ್ ಬರ್ಲಿ, ಮತ್ತೆ ಮಾಡ್ತೀನಿ. ಒಂದು ರವಿಕೆಗೆ ಹುಕ್ಕು ಹಾಕೋದು ಬಾಕಿ ಇದೆ. ಅಲ್ಲಿವರೆಗೆ ಹಾಕ್ತಿರ್ತೀನಿ."

ಕರೆಂಟಿಗಾಗಿ ನಮ್ಮೂರು ಮುಳುಗಿಸಿದವರ ಮನೆಯಲ್ಲೇ ಕರೆಂಟಿಲ್ಲದಿದ್ದರೆ ಅದು ನನ್ನ ತಪ್ಪೇ?